ದೊಡ್ಡ ಸ್ವಾಮಿಯವರ ಲೆಕ್ಕ

ಜೀವಮಾನವಿಡೀ ದುಡಿದವನೊಬ್ಬನು ಕೊನೆಗೆ ತಾನೇ ಲೆಕ್ಕ ಹಾಕಿ, ತನ್ನ ದುಡಿಮೆ ಫಲಿಸಲಿಲ್ಲವೆಂದು ಬರೆದಿಟ್ಟು ಹೋದರೆ, ಆ ದುಡಿಮೆಯನ್ನು ನಾವು ಏನೆಂದು ಕರೆಯಬೇಕು? ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಅಭ್ಯಸಿಸುತ್ತಿದ್ದ ದಿನಗಳಿಂದಲೂ ಅಬ್ಬೆ ದುಬ್ವಾ ಅವರ ಹೆಸರು ಕಿವಿಗೆ ಬಿದ್ದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಫ್ರಾನ್ಸಿನಲ್ಲಿ ಕ್ರಾಂತಿಯ ಕಿಚ್ಚು ಹೊತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಮೂಲಕ ದಕ್ಷಿಣ ಭಾರತಕ್ಕೆ ಬಂದವರು ಅವರು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಹೊಣೆ ಹೊತ್ತರು. ಈ ನೆಲದವರಂತೆಯೇ ಉಡುಪು ಧರಿಸಿದರು, ಮಾಂಸಾಹಾರ ತೊರೆದರು. ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದೇ ಕರೆದರು. ನಿರ್ಗತಿಕ ಕ್ರೈಸ್ತರಿಗಾಗಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಹಸಿದವನಿಗೆ ಉಪದೇಶಕ್ಕಿಂತ ಮೊದಲು ಉಳಲು ನೆಲ ಬೇಕೆಂಬುದು ಅವರಿಗೆ ತಿಳಿದಿತ್ತು.

ಆದರೆ ನಾನು ಹೇಳಬೇಕೆಂದಿರುವುದು ಸಿಡುಬಿನ ವಿಷಯ. ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತವನ್ನು ತಲುಪಿದ್ದು 1802ರಲ್ಲಿ. ಅಂದು ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಗಾಜಿನ ಸೀಸೆಯಲ್ಲಿಟ್ಟ ರಸ ನಮ್ಮ ಬಿಸಿಲಿಗೆ ಬೇಗನೆ ಸತ್ವ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯಿಂದ, ಸುಮಾರು ಎಂಟನೆಯ ದಿನ, ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಈ ಸರಪಳಿ ಎಲ್ಲಿಯಾದರೂ ತುಂಡಾದರೆ ಮತ್ತೆ ಮೊದಲಿನಿಂದ ಆರಂಭ. ಸಿಡುಬನ್ನು ದೇವಿಯೆಂದೇ ಭಾವಿಸಿದ್ದ ನಾಡಿನಲ್ಲಿ, ಆರೋಗ್ಯವಾಗಿರುವ ಮಗುವಿನ ತೋಳನ್ನು ಗೀರಲು ಯಾವ ತಾಯಿ ತಾನೇ ಸುಲಭವಾಗಿ ಒಪ್ಪಿಯಾಳು? ಒಪ್ಪಿದವಳೂ ಎಂಟನೆಯ ದಿನ ಮಗುವನ್ನು ಎತ್ತಿಕೊಂಡು ಮರಳಿ ಬರಬೇಕು, ಆ ಬೊಕ್ಕೆಯ ರಸವನ್ನು ಪರರ ಮಗುವಿಗೆ ಕೊಡಲು! ಇಂಥ ಕಾಲದಲ್ಲಿ, 1803-04ರ ವರದಿಯಲ್ಲಿ, ದುಬ್ವಾ ಅವರು ನಮೂದಿಸಿದ ಸಂಖ್ಯೆ 25,432. ಇಷ್ಟು ಜನರಿಗೆ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಲಾಗಿತ್ತು. ಈ ಅಂಕಿಯ ಹಿಂದಿರುವ ನಡಿಗೆಯನ್ನು, ಮನವೊಲಿಕೆಯನ್ನು, ಮುಚ್ಚಿದ ಬಾಗಿಲುಗಳನ್ನು ನೀವೇ ಊಹಿಸಿಕೊಳ್ಳಿ.

ಹೊರಜಗತ್ತು ಅವರನ್ನು ನೆನೆಯುವುದು ಹಿಂದೂಗಳ ಆಚಾರ ವಿಚಾರಗಳ ಕುರಿತ ಅವರ ಗ್ರಂಥದಿಂದ. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಬಂತು. ಅದರಲ್ಲಿ ಹೆಚ್ಚಿನ ಭಾಗ ಹಿಂದಿನ ಯೇಸುಸಭೆಯ ಗುರು ಕರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು 1987ರಲ್ಲಿ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ನಮ್ಮವರೆಂಬ ಕಾರಣಕ್ಕೆ ಇದನ್ನು ಮುಚ್ಚಿಡುವುದು ಸಲ್ಲದು. ಕೀರ್ತಿ ತಂದ ಪುಸ್ತಕ ಪೂರ್ತಿಯಾಗಿ ಅವರದಲ್ಲ. ತೋಳಿನಿಂದ ತೋಳಿಗೆ ಸಾಗಿದ ಆ ಸರಪಳಿ ಮಾತ್ರ ನಿಜವಾದ ದುಡಿಮೆ.

1823ರಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ಕಹಿಯಾದ ಒಪ್ಪಿಗೆಯೊಂದಿದೆ. ಅಷ್ಟು ವರ್ಷಗಳ ಸೇವೆಯಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರರಿಂದ ಮುನ್ನೂರು ಜನ ಮಾತ್ರ. ಈ ದೇಶದಲ್ಲಿ ಮತಾಂತರದ ನಿರೀಕ್ಷೆಯೇ ಇಲ್ಲ ಎಂದು ಬರೆದರು. ಅವರ ಮಾತು ಅನೇಕ ಮಿಷನರಿಗಳನ್ನು ಕೆರಳಿಸಿತು. ನನಗೂ ಅವರ ತೀರ್ಮಾನ ಪೂರ್ಣವಾಗಿ ಒಪ್ಪಿತವಲ್ಲ. ಬಂದವರಲ್ಲಿ ಬಹುಪಾಲು ದಲಿತರು, ಭಿಕ್ಷುಕರು ಎಂಬುದನ್ನು ಅವರು ನಿರಾಶೆಯ ಧ್ವನಿಯಲ್ಲಿ ಹೇಳುತ್ತಾರೆ. ಯೇಸುಸ್ವಾಮಿಯ ಪಂಕ್ತಿಯಲ್ಲಿ ಕುಳಿತವರು ಯಾರೆಂಬುದನ್ನು ಆ ಕ್ಷಣ ಮರೆತರೇನೋ! ಲಸಿಕೆಯ ಸಾವಿರಾರು ಮಕ್ಕಳನ್ನು ಅವರು ಆ ಲೆಕ್ಕದಲ್ಲಿ ಸೇರಿಸಲೇ ಇಲ್ಲ. ಸಂತ ಯಕೋಬರು ಕ್ರಿಯೆಯಿಲ್ಲದ ವಿಶ್ವಾಸದ ಬಗ್ಗೆ ಎಚ್ಚರಿಸಿದರಲ್ಲವೇ? ಇಲ್ಲಿ ಕ್ರಿಯೆಯಿತ್ತು, ಅದನ್ನು ವಿಶ್ವಾಸದ ಖಾತೆಗೆ ಬರೆದುಕೊಳ್ಳಲು ಮಾಡಿದವರಿಗೇ ಮನಸ್ಸಾಗಲಿಲ್ಲ.

ಆದರೂ ಅವರು ಸುಮ್ಮನೆ ಕೂರಲಿಲ್ಲ. ಪ್ಯಾರಿಸ್ಸಿಗೆ ಮರಳಿ, ಪೂರ್ವ ದೇಶಗಳಿಗೆ ಹೊರಡುವ ಯುವಕರನ್ನು ಸಿದ್ಧಗೊಳಿಸುತ್ತಿದ್ದ ಅದೇ ಸಂಸ್ಥೆಯ ಗುರುಮಠದಲ್ಲಿ ಸೇವೆಗೆ ನಿಂತರು. ಮುಂದೆ ಅದರ ಶ್ರೇಷ್ಠರೂ ಆದರು. ನಿರೀಕ್ಷೆಯಿಲ್ಲವೆಂದು ಬರೆದ ಅದೇ ಕೈ, 1848ರಲ್ಲಿ ಅವರು ಕಣ್ಮುಚ್ಚುವ ಮೊದಲು, ಎಷ್ಟೋ ತರುಣರನ್ನು ಹಡಗು ಹತ್ತಿಸಿ ಹರಸಿ ಕಳುಹಿಸಿತ್ತು.