ಹಳೆಯ ಯೆಜ್ಡಿಯ ಸದ್ದು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಹೆದ್ದಾರಿ ಬದಿ ಚಹಾ ಕುಡಿಯುವಾಗ ಹಳೆಯ ಯೆಜ್ಡಿಯೊಂದು ಬಂದರೆ, ಕಣ್ಣಿಗಿಂತ ಮೊದಲು ಕಿವಿ ಅದರ ಗುರುತು ಹಿಡಿಯುತ್ತದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಈ 250 ಸಿ.ಸಿ. ಬೈಕುಗಳ ತಯಾರಿಕೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಯೆಜ್ಡಿ ಎಂದಾಯಿತು. ಇದರ ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳೇ ಆ ಕೆಲಸ ಮಾಡುತ್ತವೆ. ಅರ ಹಿಡಿದು ಕಿಂಡಿಗಳನ್ನು ಲೆಕ್ಕವಿಟ್ಟು ಹಿಗ್ಗಿಸಿ, ಸೈಲೆನ್ಸರು ಬದಲಿಸಿದರೆ ಮನೆಯ ಗಾಡಿಯೇ ಓಟದ ಗಾಡಿ! ಮದರಾಸಿನ ಬಳಿಯ ಶೋಲಾವರಂನಲ್ಲಿ, ಮಹಾಯುದ್ಧ ಕಾಲದ ವಿಮಾನ ಪಟ್ಟಿಯ ಮೇಲೆ, ಇಂಥವು ಪಂದ್ಯಕ್ಕೆ ಇಳಿದವು.

ಅಮೆರಿಕದ ‘ಹಾಟ್ ರಾಡ್’ ಕಥೆಯೂ ಇದೇ. 1932ರ ಫೋರ್ಡ್ ವಿ-8 ಕಾರು ಹಳತಾಗಿ ಅಗ್ಗವಾದಾಗ ಹುಡುಗರು ಮಡ್‌ಗಾರ್ಡು ಕಿತ್ತು ಭಾರ ಇಳಿಸಿದರು, ಎಂಜಿನ್ ಹುರಿಗೊಳಿಸಿದರು. ಯುದ್ಧ ಮುಗಿದ ಮೇಲೆ ಖಾಲಿ ವಿಮಾನ ಪಟ್ಟಿಗಳಲ್ಲಿ ಕಾಲು ಮೈಲಿಯ ಪಂದ್ಯ ಕಟ್ಟಿದರು. ಅಲ್ಲಿ ದುಡ್ಡಿಗಿಂತ ಕೈಚಳಕಕ್ಕೆ ಬೆಲೆ. ಇಂದಿನ ಬೈಕಿನ ರೋಗ ಕಂಪ್ಯೂಟರಿಗೆ ಮಾತ್ರ ಗೊತ್ತು. ಹಳೆಯದರ ಮೋಹ ಬರೀ ಹಳಹಳಿಕೆ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿತು. ಆದರೆ ಎಂಜಿನ್ ಫೋರ್-ಸ್ಟ್ರೋಕ್, ಸದ್ದು ಬೇರೆ. ಹಳೆಯ ಗಾಡಿ ಉಳಿಸಿಕೊಂಡವರು ಬಿಡಿಭಾಗಕ್ಕಾಗಿ ಗುಜರಿ ಅಂಗಡಿ ಅಲೆಯುತ್ತಾರೆ, ಸಿಗದಿದ್ದರೆ ಲೇಥ್‌ನಲ್ಲಿ ಕಡೆಸುತ್ತಾರೆ. ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ ದಿನದಂದು, ಬೆಂಗಳೂರು ಮೈಸೂರುಗಳಲ್ಲಿ ಅವರೆಲ್ಲ ಒಟ್ಟಿಗೆ ಕಿಕ್ಕರ್ ಒದೆಯುತ್ತಾರೆ.