ಸೂಪರ್ ಹೀರೋ ವೇಷ: ಈ ಕಾಲಕ್ಕೆ ಒಪ್ಪುವ ಹೊಲಿಗೆ ಹೇಗಿರಬೇಕು?

ಜತ್ತ ತಾಲೂಕಿನ ಗಡಿ ಹಳ್ಳಿಗಳ ಕನ್ನಡ ಶಾಲೆ ಇರಲಿ, ಮರಾಠಿ ಶಾಲೆ ಇರಲಿ, ಗ್ಯಾದರಿಂಗ್ ಬಂತೆಂದರೆ ವೇಷಭೂಷಣ ಸ್ಪರ್ಧೆ ಇದ್ದದ್ದೇ. ಶಿವಾಜಿ ಮಹಾರಾಜರು, ಕಿತ್ತೂರು ಚೆನ್ನಮ್ಮ, ಬಾಲಕೃಷ್ಣ ಇವರ ಸಾಲಿನಲ್ಲಿ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಕ್ರಿಶ್ ಸಹ ನಿಲ್ಲುತ್ತಾರೆ. ಪೇಟೆಯಲ್ಲಿ ಸಿಗುವ ಸಿದ್ಧ ವೇಷಗಳು ಬಹುತೇಕ ತೆಳು ಪಾಲಿಯೆಸ್ಟರ್‌ನವು. ನೋಡಲು ಚೆಂದ, ಆದರೆ ಬಿಸಿಲು, ಬೆಂಕಿ, ಗಾಡಿಯ ಚಕ್ರ ಇವುಗಳನ್ನು ಲೆಕ್ಕಕ್ಕೆ ಹಿಡಿದು ಹೊಲಿದವಲ್ಲ. ಊರಿನ ಶಿಂಪಿಯ ಕೈಯಲ್ಲೇ ಹೊಲಿಸುವವರಿಗೆ ಬೇಕಾದ ಮುಖ್ಯ ಮಾಹಿತಿ ಇಲ್ಲಿದೆ.

ವೇಷದ ಮೂಲ

ಮೈಗಂಟಿದ ಉಡುಪು, ಮುಖವಾಡ ತೊಟ್ಟ ನಾಯಕನಾಗಿ ಲೀ ಫಾಕ್ ಅವರ ಫ್ಯಾಂಟಮ್ 1936ರಲ್ಲಿ ಬಂದ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ತರುಣರ ಸೂಪರ್‌ಮ್ಯಾನ್ ಬಂದ. ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ಏಕೆಂದು ಜನ ನಗುವುದುಂಟು. ಅಂದಿನ ಸರ್ಕಸ್ ಜಟ್ಟಿಗಳ ಉಡುಪೇ ಅದಕ್ಕೆ ಮಾದರಿ. ಹಿಂದಕೇಸರಿ ಮಾರುತಿ ಮಾನೆಯವರನ್ನು ಕಂಡ ಸಾಂಗಲಿ ಜಿಲ್ಲೆಯ ಜನಕ್ಕೆ ಇದು ಹೊಸದೇನಲ್ಲ. ಪೈಲವಾನನ ಲಂಗೋಟ ಮೈಗೆ ಬಿಗಿಯಾಗಿರುತ್ತದೆ, ಕೈಕಾಲಿನ ಚಲನೆಗೆ ಅಡ್ಡ ಬರುವುದಿಲ್ಲ. ಸೂಪರ್‌ಮ್ಯಾನ್ ಚಡ್ಡಿಯನ್ನು 2011ರಲ್ಲಿ ಕಾಮಿಕ್ಸ್‌ನವರು ತೆಗೆದರು, 2018ರಲ್ಲಿ ಮತ್ತೆ ತಂದರು.

ನಮ್ಮ ದೇಶದಲ್ಲಿ ಈ ವೇಷವನ್ನು ಮನೆಮನೆಗೆ ತಂದವನು ಶಕ್ತಿಮಾನ್. 1997ರ ಸೆಪ್ಟೆಂಬರ್‌ನಿಂದ 2005ರ ಮಾರ್ಚ್‌ವರೆಗೆ ದೂರದರ್ಶನದಲ್ಲಿ ಮುಕೇಶ್ ಖನ್ನಾ ಈ ಪಾತ್ರ ಮಾಡಿದರು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ಮಾಡಿಕೊಂಡರೆಂಬ ಸುದ್ದಿಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದವು. ವೇಷ ತೊಡಿಸುವ ಮೊದಲು ಮಗುವಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಇದು ಬಟ್ಟೆ ಮಾತ್ರ, ಇದರಿಂದ ಹಾರಲು ಬರುವುದಿಲ್ಲ.

ದೊಡ್ಡಾಟದ ವೇಷ, ಹಗಲುವೇಷ

ಗಡಿಭಾಗದವರಿಗೆ ವೀರರ ವೇಷ ಕಟ್ಟುವುದು ಹಳೆಯ ವಿದ್ಯೆ. ದೊಡ್ಡಾಟದ ಅರ್ಜುನ, ಭೀಮ, ರಾವಣರಿಗೆ ಕಿರೀಟ, ಭುಜಕೀರ್ತಿ, ಎದೆಕಟ್ಟು ಇರುತ್ತವೆ. ಇವನ್ನು ಹಗುರ ಮರದಲ್ಲಿ ಕೆತ್ತಿ, ಬಣ್ಣದ ಬೇಗಡೆ ಹಾಗೂ ಕನ್ನಡಿ ಚೂರು ಅಂಟಿಸುವ ರೂಢಿ ಇದೆ. ರಾತ್ರಿಯ ಬೆಳಕಿನಲ್ಲಿ, ದೂರ ಕೂತವರಿಗೂ ಹೊಳೆಯಬೇಕೆಂಬುದು ಇದರ ಲೆಕ್ಕ. ಭುಜಕೀರ್ತಿಯಿಂದ ಹೆಗಲು ಅಗಲವಾಗಿ ಕಾಣುತ್ತದೆ, ಸಾಮಾನ್ಯ ಮೈಕಟ್ಟಿನವನೂ ವೀರನಂತೆ ತೋರುತ್ತಾನೆ. ಸಿನೆಮಾದವರು ಸ್ಪಂಜು ತುಂಬಿ ಮಾಡುವುದೂ ಇದನ್ನೇ.

ಹಗಲುವೇಷಗಾರರ ಕಥೆ ಬೇರೆ. ಮರಾಠಿಯಲ್ಲಿ ಬಹುರೂಪಿ ಎಂದು ಕರೆಸಿಕೊಳ್ಳುವ ಇವರು ಬಿಸಿಲಿನಲ್ಲಿ ಮನೆಯಿಂದ ಮನೆಗೆ ನಡೆಯಬೇಕು, ಮಾತಾಡಬೇಕು, ನೀರು ಕುಡಿಯಬೇಕು. ಆದ್ದರಿಂದ ಅವರ ವೇಷ ಹಗುರ. ಶಾಲೆಯ ಸೂಪರ್ ಹೀರೋ ವೇಷಕ್ಕೆ ದೊಡ್ಡಾಟಕ್ಕಿಂತ ಹಗಲುವೇಷವೇ ಸರಿಯಾದ ಮಾದರಿ. ಒಂದು ಹಾಡಿಗೆ ಕುಣಿಯುವ ಐದು ನಿಮಿಷಕ್ಕಾಗಿ ಮಗು ಎರಡು ಮೂರು ತಾಸು ವೇಷದಲ್ಲೇ ಕಾಯುತ್ತದೆ.

ಬಟ್ಟೆ ಯಾವುದು?

ಸಿನೆಮಾದ ವೇಷಗಳಿಗೆ ಎಳೆದರೆ ಹಿಗ್ಗುವ ಲೈಕ್ರಾ ಬಳಸುತ್ತಾರೆ. ಇದರ ನೂಲು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ 1958ರಲ್ಲಿ ತಯಾರಾಯಿತು. ನಮ್ಮಲ್ಲಿ ಕಡಿಮೆ ಖರ್ಚಿಗೆ ಬನಿಯನ್ ಬಟ್ಟೆ, ಅಂದರೆ ಹೆಣೆದ ಹತ್ತಿ ಬಟ್ಟೆ ಸಾಕು. ಅದು ಹಿಗ್ಗುತ್ತದೆ, ಬೆವರನ್ನೂ ಹೀರುತ್ತದೆ.

ಇಚಲಕರಂಜಿಯಂಥ ಊರಿನ ಮಗ್ಗದಲ್ಲಿ ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಅದನ್ನೇ ಬಳಸುವುದಾದರೆ ಬಗಲಲ್ಲಿ ಮತ್ತು ತೊಡೆಸಂದಿಯಲ್ಲಿ ಚೌಕದ ತುಂಡೊಂದನ್ನು ಸೇರಿಸಿ ಹೊಲಿಯಬೇಕು. ಹಳೆಯ ಅಂಗಿಗಳಲ್ಲಿ ಈ ತುಂಡು ಇರುತ್ತಿತ್ತು. ಇದಿಲ್ಲದಿದ್ದರೆ ಕೈ ಮೇಲೆತ್ತಿದ ಕೂಡಲೇ ಹೊಲಿಗೆ ಬಿಚ್ಚುತ್ತದೆ.

ಬೆಂಕಿಯ ವಿಷಯದಲ್ಲಿ ಎಚ್ಚರ ಬೇಕು. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತವೆ. ತೆಳು ಹತ್ತಿ ಅಂಟುವುದಿಲ್ಲ, ಆದರೆ ಬೇಗ ಉರಿಯುತ್ತದೆ. ದೀಪ, ಪಟಾಕಿ, ಒಲೆಯ ಹತ್ತಿರ ವೇಷ ತೊಟ್ಟ ಮಗುವನ್ನು ಬಿಡಬಾರದು. ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಬಟ್ಟೆಗೆ ಬೆಂಕಿ ತಗುಲಿದರೆ ಓಡಲು ಬಿಡದೆ ನೆಲಕ್ಕೆ ಮಲಗಿಸಿ, ದಪ್ಪ ಕಂಬಳಿ ಸುತ್ತಿ ಆರಿಸಬೇಕು. ಉರಿ ಆರಿದ ಕೂಡಲೇ ಕಂಬಳಿ ತೆಗೆದು, ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ ದವಾಖಾನೆಗೆ ಒಯ್ಯಬೇಕು. ಹಾಗೆ ನೋಡಿದರೆ ಕುರುಬರ ಹೆಗಲ ಮೇಲಿನ ಕರಿ ಕಂಬಳಿ ಈ ತಾಲೂಕಿನ ಅತ್ಯಂತ ಉಪಯುಕ್ತ ಹೊದಿಕೆ. ಅದು ಮಳೆ, ಚಳಿ, ಬೆಂಕಿ ಮೂರಕ್ಕೂ ಆಗುತ್ತದೆ.

ಬೆನ್ನಿನ ಹೊದಿಕೆ

ಸೂಪರ್‌ಮ್ಯಾನ್ ಬೆನ್ನ ಹಿಂದೆ ಹಾರಾಡುವ ಕೆಂಪು ಬಟ್ಟೆಯೇ ವೇಷದ ಅತಿ ಅಪಾಯದ ಭಾಗ. 2004ರ 'ದಿ ಇನ್‌ಕ್ರೆಡಿಬಲ್ಸ್' ಚಿತ್ರದಲ್ಲಿ ಎಡ್ನಾ ಎಂಬ ವೇಷ ಹೊಲಿಯುವವಳು ಇದನ್ನು ಹೊಲಿಯಲು ಒಪ್ಪುವುದೇ ಇಲ್ಲ. ಅದು ತಮಾಷೆಯ ದೃಶ್ಯ, ಆದರೆ ಕಾರಣ ನಿಜವಾದದ್ದು. ಹೆಸರಾಂತ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡದ್ದು ಕೊರಳಿನ ಉದ್ದ ವಸ್ತ್ರ ಕಾರಿನ ಚಕ್ರಕ್ಕೆ ಸಿಕ್ಕಿ. ನಮ್ಮಲ್ಲಿ ಮೋಟಾರ್ ಸೈಕಲ್ಲಿಗೆ ಸೀರೆ ಗಾರ್ಡ್ ಹಾಕುವುದೂ, ರಾಶಿ ಯಂತ್ರದ ಹತ್ತಿರ ಸೆರಗು ಬಿಗಿದು ಕಟ್ಟಿಕೊಳ್ಳುವುದೂ ಇದೇ ಕಾರಣಕ್ಕೆ.

ಮಕ್ಕಳ ಮೇಲಂಗಿಗಳ ಕೊರಳಿನಲ್ಲಿ ಲಾಡಿ ಇರಬಾರದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಾರ್ಗಸೂಚಿ ಹೊರಡಿಸಿತು. ಹೊದಿಕೆ ಬೇಕೇ ಬೇಕೆಂದರೆ ಕೊರಳಿಗೆ ಕಟ್ಟದೆ ಎರಡೂ ಹೆಗಲಿಗೆ ವೆಲ್ಕ್ರೋ ಪಟ್ಟಿ ಹಚ್ಚಿಸಬೇಕು. ಎಳೆದ ಕೂಡಲೇ ಅದು ಕಳಚಿ ಬರಬೇಕು. ಉದ್ದ ಮೊಣಕಾಲಿನ ಮೇಲೆಯೇ ನಿಲ್ಲಬೇಕು. ವೇಷದಲ್ಲಿ ಬೈಕ್ ಏರುವಾಗ ಹೊದಿಕೆ ಚೀಲದಲ್ಲಿರಲಿ. ಶಕ್ತಿಮಾನ್‌ಗೆ ಇಂಥ ಹೊದಿಕೆ ಇರಲಿಲ್ಲ, ಅದರಿಂದ ಅವನ ಗತ್ತೇನೂ ಕಡಿಮೆಯಾಗಲಿಲ್ಲ.

ಮುಖವಾಡ ಮತ್ತು ಬಣ್ಣ

1989ರ 'ಬ್ಯಾಟ್‌ಮ್ಯಾನ್' ಚಿತ್ರದಲ್ಲಿ ತಲೆಯ ಕವಚ ಹೆಗಲಿಗೇ ಸೇರಿಕೊಂಡಿತ್ತು. ನಟ ಮೈಕೆಲ್ ಕೀಟನ್ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. 2008ರ 'ದಿ ಡಾರ್ಕ್ ನೈಟ್' ಹೊತ್ತಿಗೆ ತಲೆ, ಕೊರಳು ಬೇರೆ ಬೇರೆ ಮಾಡಿ ಈ ತೊಂದರೆ ನೀಗಿಸಿದರು. ಕೋಟಿಗಟ್ಟಲೆ ಹಣದ ಚಿತ್ರಕ್ಕೇ ಹೀಗಾದರೆ ರಟ್ಟಿನ ಮುಖವಾಡದ ಗತಿ ಹೇಳಬೇಕಿಲ್ಲ. ಕಣ್ಣಿನ ತೂತು ದೊಡ್ಡದಿರಲಿ, ಮೂಗು ಬಾಯಿ ತೆರೆದಿರಲಿ. ಕ್ರಿಶ್ ಮಾದರಿಯ ಅರ್ಧ ಮುಖವಾಡ ಉತ್ತಮ. ವೇದಿಕೆಯ ಮೆಟ್ಟಿಲು ಹತ್ತುವಾಗ, ರಸ್ತೆ ದಾಟುವಾಗ ಅದನ್ನು ತೆಗೆಯಿಸಬೇಕು.

ಹಿಂದೆ ಬಯಲಾಟದ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಮಕ್ಕಳ ಮುಖಕ್ಕೆ ಇವು ಬೇಡ. ಬೆಳ್ಳಿ ಬಣ್ಣದ ಪುಡಿಯೂ ಬೇಡ. 1938ರಲ್ಲಿ 'ದಿ ವಿಜಾರ್ಡ್ ಆಫ್ ಆಜ್' ಚಿತ್ರದ ತಗಡಿನ ಮನುಷ್ಯನ ಪಾತ್ರಕ್ಕೆ ಹಚ್ಚಿದ ಅಲ್ಯೂಮಿನಿಯಂ ಪುಡಿಯಿಂದ ನಟ ಬಡಿ ಎಬ್ಸನ್ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದರು. ಮುಖಕ್ಕೆಂದೇ ತಯಾರಾದ ಬಣ್ಣವನ್ನೂ ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಬೇಕು.

ಶಿಂಪಿಗೆ ಹೇಳಬೇಕಾದದ್ದು

1. ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರಲಿ. ಒಂದೇ ತುಂಡಿನ ವೇಷದಲ್ಲಿ ಮಗು ಮೂತ್ರಕ್ಕೆ ಹೋಗುವುದು ಕಷ್ಟ, ಹಾಗಾಗಿ ನೀರು ಕುಡಿಯುವುದನ್ನೇ ಬಿಡುತ್ತದೆ.
2. ಬೆನ್ನಿಗೆ ಗಾಳಿಯಾಡುವ ಜಾಳಿಗೆ ಬಟ್ಟೆ ಹಾಕಲಿ. ಮುಂದಿನಿಂದ ಅದು ಕಾಣುವುದಿಲ್ಲ.
3. ಎದೆಯ ಗುರುತು ದೊಡ್ಡದಾಗಿ, ಎರಡೇ ಬಣ್ಣದಲ್ಲಿರಲಿ. ಕೊನೆಯ ಸಾಲಿನವರಿಗೂ ತಿಳಿಯುತ್ತದೆ.
4. ಕಾಲಿಗೆ ದಿನದ ಚಪ್ಪಲಿ ಅಥವಾ ಬೂಟು, ಅದರ ಮೇಲೆ ಬಣ್ಣದ ಬಟ್ಟೆಯ ಕವಚ. ಬರಿ ಕಾಲುಚೀಲದಲ್ಲಿ ವೇದಿಕೆ ಜಾರುತ್ತದೆ.
5. ರಾತ್ರಿ ಮನೆಗೆ ಮರಳುವವರಿಗೆ ಹೊಳೆಯುವ ರೇಡಿಯಂ ಪಟ್ಟಿ ಹಚ್ಚಿಸಬೇಕು. ಗುಡ್ಡಾಪುರದ ದಾನಮ್ಮದೇವಿಗೆ, ಪಂಢರಪುರಕ್ಕೆ ನಡೆದು ಹೋಗುವವರಿಗೂ ಈ ಪಟ್ಟಿ ಒಳ್ಳೆಯದು.

ಹಣ ಇಲ್ಲವೆಂದು ಹಿಂಜರಿಯಬೇಕಿಲ್ಲ. ನಾಸಿಕ್ ಜಿಲ್ಲೆಯ ಮಾಲೇಗಾಂವದಲ್ಲಿ ನಾಸಿರ್ ಶೇಖ್ ಅವರು ಶಫೀಕ್ ಎಂಬ ತೆಳ್ಳನೆಯ ಮಗ್ಗದ ಕಾರ್ಮಿಕನನ್ನೇ ಸೂಪರ್‌ಮ್ಯಾನ್ ಮಾಡಿ ಚಿತ್ರ ತೆಗೆದರು. ಅವರ ಕಥೆ ಹೇಳುವ ಫೈಜಾ ಅಹ್ಮದ್ ಖಾನ್ ಅವರ ಸಾಕ್ಷ್ಯಚಿತ್ರ 2008ರಲ್ಲಿ ಬಂದು ಹೊರದೇಶಗಳಲ್ಲೂ ಹೆಸರು ಮಾಡಿತು. 2021ರ ಮಲಯಾಳಂ ಚಿತ್ರ 'ಮಿನ್ನಲ್ ಮುರಳಿ'ಯ ನಾಯಕನಂತೂ ಹಳ್ಳಿಯ ಟೇಲರ್. ಈ ಚಿತ್ರ ಕನ್ನಡ ಮಾತಿನಲ್ಲೂ ಇದೆ.

ಹೊಲದಲ್ಲಿ ಬೇಕಾದ ವೇಷ

ಈ ಲೆಕ್ಕಾಚಾರ ಮಕ್ಕಳ ಆಟಕ್ಕಷ್ಟೇ ಅಲ್ಲ. ಜತ್ತ ತಾಲೂಕಿನ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಔಷಧಿ ಹೊಡೆಯುವವರಿಗೆ ಕನ್ನಡಕ, ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ, ಬೂಟು ಬೇಕು. ಇದೂ ಒಂದು ವೇಷವೇ. 2017ರಲ್ಲಿ ನಮ್ಮದೇ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ರಕ್ಷಣೆಯ ಉಡುಪು ಇಲ್ಲದ್ದು ಆಗ ಮುಖ್ಯವಾಗಿ ಚರ್ಚೆಗೆ ಬಂತು.

ಸೆಕೆಗೆ ತೊಡಲಾಗದು ಎಂಬುದೇ ಇಂಥ ಉಡುಪಿನ ಮೇಲಿನ ದೊಡ್ಡ ತಕರಾರು. ಅದಕ್ಕೆ ಉಪಾಯಗಳಿವೆ. ಬೆಳಗಿನ ತಂಪಿನಲ್ಲಿ ಅಥವಾ ಸಂಜೆ, ಗಾಳಿಗೆ ಬೆನ್ನು ಮಾಡಿ ಹೊಡೆಯಬೇಕು. ಒತ್ತಾಗಿ ನೇಯ್ದ ದಪ್ಪ ಹತ್ತಿ ಅಂಗಿ ಹಾಕಿ, ಹನಿ ಹೆಚ್ಚು ಬೀಳುವ ಕಡೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಬೇಕು, ಆ ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಸೇರಿಸದೆ ಬೇರೆ ಒಗೆಯಬೇಕು. ಮಗನಿಗೆ ಸ್ಪೈಡರ್‌ಮ್ಯಾನ್ ವೇಷ ಹೊಲಿಸಲು ಶಿಂಪಿಯ ಅಂಗಡಿಗೆ ಹೋದಾಗ ಅಪ್ಪನಿಗೂ ಇಂಥದ್ದೊಂದು ತುಂಬುತೋಳಿನ ಅಂಗಿಯ ಅಳತೆ ಕೊಟ್ಟು ಬರುವುದು ಒಳ್ಳೆಯದು.