ಸಮಾಧಿಗಳೂ ಖಾನೇಸುಮಾರಿಯೂ

ತಮ್ಮ ಮನೆತನದ ಪೂರ್ವವೃತ್ತಾಂತವನ್ನು ತಿಳಿಯಬಯಸುವವರು ಮೊದಲು ಅರಸುವುದು ಎರಡನ್ನು: ಸಮಾಧಿಯ ಮೇಲಣ ಬರೆಹವನ್ನು, ಸರಕಾರದ ಖಾನೇಸುಮಾರಿಯನ್ನು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಈ ಎರಡೂ ಅಷ್ಟು ಸುಲಭವಾಗಿ ಬಾಯಿಬಿಡವು.

ಮೂಡಬಿದಿರೆಯ ಕೊಡಂಗಲ್ಲಿನಲ್ಲಿ ಜೈನಗುರುಗಳ ಸಮಾಧಿಗಳುಂಟು. ಮುರಕಲ್ಲಿನಿಂದ ನೆಲೆಯ ಮೇಲೆ ನೆಲೆಯಾಗಿ ಕಟ್ಟಿದ ಇವುಗಳಲ್ಲಿ ಕೆಲವಕ್ಕೆ ಮೂರು ನೆಲೆ, ಕೆಲವಕ್ಕೆ ಐದು, ಏಳು. ಜಿಲ್ಲೆಯಲ್ಲಿಯೇ ಇಂತಹ ಸಮಾಧಿಗಳು ಅಪರೂಪ. ಆದರೆ ಅವುಗಳಿಂದ ಒಂದು ಮನೆತನದ ಕಥೆಯೂ ಹೊರಡದು. ಯತಿಗಳಿಗೆ ಸಂತಾನವೆಲ್ಲಿಯದು? ವಿರಕ್ತಮಠಗಳ ಗದ್ದುಗೆಗಳನ್ನು ಕಂಡು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬೆಳೆಯುವುದು ಗುರುಶಿಷ್ಯಪರಂಪರೆ. ಇತ್ತ ಗೃಹಸ್ಥರಲ್ಲಿ ಬಹುಮಂದಿ ಶವವನ್ನು ದಹಿಸುವವರಾದ್ದರಿಂದ ಅವರ ಹೆಸರಿನ ಕಲ್ಲೇ ಉಳಿಯದು. ಹೂಳುವ ಕ್ರೈಸ್ತರ ಸಂಗತಿಯಾದರೂ ಸರಳವಲ್ಲ. 1784ರಲ್ಲಿ ಟಿಪ್ಪುಸುಲ್ತಾನನು ಅವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು ಕೆಡವಿಸಿದನು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿಯೊಂದು ಚೌಟರಸರ ದಾಕ್ಷಿಣ್ಯದಿಂದ ಉಳಿಯಿತೆಂದು ಹೇಳುವರು. 1799ರ ತರುವಾಯ ಹಿಂತಿರುಗಿದ ಕುಟುಂಬಗಳ ವಂಶಾವಳಿಯು ಬಹುಮಟ್ಟಿಗೆ ಅಲ್ಲಿಂದಲೇ ಮೊದಲಾಗುವುದು.

ಇನ್ನು ಖಾನೇಸುಮಾರಿ. ಮದರಾಸು ಆಧಿಪತ್ಯದಲ್ಲಿ 1871ರಲ್ಲಿಯೂ, 1881ರಿಂದ 2011ರವರೆಗೆ ಹತ್ತು ಹತ್ತು ವರ್ಷಕ್ಕೊಮ್ಮೆಯೂ ಈ ಜಿಲ್ಲೆಯ ಜನವನ್ನು ಎಣಿಸಿರುವರು. ಮನೆಮನೆಗೂ ಹೋಗಿ ಬರೆದುಕೊಂಡುದು ನಿಜ. ಆದರೆ ಅಚ್ಚಾಗಿ ಬಂದುದು ಮೊತ್ತಗಳು ಮಾತ್ರ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಯ ಪಟ್ಟಿಯನ್ನು ಯಾರೂ ನೋಡಬಹುದು. ನಮ್ಮಲ್ಲಿ 1948ರ ಕಾನೂನು ಅದಕ್ಕೆ ಎಡೆಗೊಡದು. ಮೊತ್ತಗಳನ್ನು ಹೋಲಿಸುವುದೂ ತೊಡಕೇ, ಏಕೆಂದರೆ ಮೂಡಬಿದಿರೆಯು ಹಿಂದೆ ಕಾರ್ಕಳ ತಾಲ್ಲೂಕಿನಲ್ಲಿಯೂ, ಬೆಳ್ತಂಗಡಿಯು ಉಪ್ಪಿನಂಗಡಿ ತಾಲ್ಲೂಕಿನಲ್ಲಿಯೂ ಸೇರಿದ್ದಿತು.

ಹಾಗಾದರೆ ಕಲ್ಲನ್ನು ಕೈಬಿಡಬೇಕೆ? ಬೆಳ್ತಂಗಡಿ ತಾಲ್ಲೂಕಿನ ವೇಣೂರಿಗೆ ಹೋಗಿ ನೋಡಬೇಕು. 1604ರಲ್ಲಿ ಅಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮರಾಜನನ್ನು ಶಾಸನವು ಚಾಮುಂಡನ ವಂಶದವನೆಂದೂ, ರಾಯಕುವರನ ಅಳಿಯನೆಂದೂ, ಪಾಂಡ್ಯಕದೇವಿಯ ಮಗನೆಂದೂ, ಪಾಂಡ್ಯನ ತಮ್ಮನೆಂದೂ ಹೇಳುವುದು. ಅರಸನ ಗುರುತಿಗೆ ತಾಯಿಯ ಹೆಸರು ಬೇಕಾಯಿತು! ಅಳಿಯಸಂತಾನದ ನಾಡಿನಲ್ಲಿ ಇದು ಸಹಜವೇ. ಅಜ್ಜ, ಮುತ್ತಜ್ಜ ಎಂದು ಗಂಡಸರ ಸಾಲನ್ನೇ ಹಿಡಿದು ಹೊರಟವನು ಇಲ್ಲಿ ಎರಡನೆಯ ತಲೆಗೇ ದಾರಿತಪ್ಪುವನು. 1956ರ ಉತ್ತರಾಧಿಕಾರದ ಕಾನೂನು ಆಸ್ತಿಯ ಕ್ರಮವನ್ನು ಮಾರ್ಪಡಿಸಿತು, ಬಳಿಯನ್ನು ಮಾರ್ಪಡಿಸಲಿಲ್ಲ. ಅದು ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬಳಿಯವರು ಮದುವೆಯಾಗಲಾಗದು. ಆದುದರಿಂದ ಬಂಟರ ಮನೆಯಲ್ಲಿ ಸಂಬಂಧದ ಮಾತೆತ್ತಿದಾಗ ಹಿರಿಯ ಹೆಂಗಸರು ವರನ ಬಳಿ ಯಾವುದೆಂದು ಕೇಳುವರು. ಯಾವ ಕಲ್ಲಿನಲ್ಲಿಯೂ ಯಾವ ಪಟ್ಟಿಯಲ್ಲಿಯೂ ಇಲ್ಲದ ಆ ಉತ್ತರವು ಅವರಿಗೆ ಬಾಯಿಪಾಠವಾಗಿರುವುದು.